ಅಕ್ಕ ಶಾಲೆಗೆ ಹೋದಳು, ಕೂಸನ್ನು ನೋಡಿಕೊಳ್ಳುವವರು ಯಾರು?

ನಮ್ಮ ಚಿಕ್ಕಬಳ್ಳಾಪುರ, ಕೋಲಾರ ಕಡೆಯ ಕೂಲಿ ಮನೆಯ ಮಗುವಿಗೆ ಸರ್ಕಾರದಿಂದ ಏನೇನು ಸಿಗಬೇಕು ಅಂತ ಕೇಳಿದರೆ ಒಬ್ಬರೇ ಪೂರ್ತಿ ಉತ್ತರ ಹೇಳುವುದು ಕಷ್ಟ. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಇಲಾಖೆಯದ್ದು, ಬಿಸಿಯೂಟ ಶಿಕ್ಷಣ ಇಲಾಖೆಯದ್ದು, ಲಸಿಕೆ ಆರೋಗ್ಯ ಇಲಾಖೆಯದ್ದು, ದುಡಿಯುವ ಮಗುವನ್ನು ಬಿಡಿಸುವುದು ಕಾರ್ಮಿಕ ಇಲಾಖೆಯದ್ದು, ಕೂಲಿಗೆ ಹೋಗುವವರ ಪುಟ್ಟ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೂಸಿನ ಮನೆ ಪಂಚಾಯಿತಿಯದ್ದು. ಇವೆಲ್ಲ ಒಂದೇ ಸಲ ಕೂತು ಯೋಚಿಸಿ ಮಾಡಿದ್ದಲ್ಲ.

ಅಂಗನವಾಡಿಗಳನ್ನು ನಡೆಸುವ ಕೇಂದ್ರದ ಯೋಜನೆ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರಕ್ಕೆ ಬಂತು, ಆಮೇಲೆ ನಿಧಾನಕ್ಕೆ ಎಲ್ಲ ತಾಲ್ಲೂಕುಗಳಿಗೆ. 1986ರಲ್ಲಿ ಬಾಲಕಾರ್ಮಿಕ ಕಾಯ್ದೆ. 1995ರಿಂದ ಶಾಲೆಗೆ ಬರುವ ಮಕ್ಕಳಿಗೆ ತಿಂಗಳಿಗೆ 3 ಕೆ.ಜಿ. ಅಕ್ಕಿ. ಆ ಅಕ್ಕಿ ಮನೆಯವರೆಲ್ಲರ ಪಾತ್ರೆಗೆ ಬೀಳುತ್ತಿತ್ತು, ಮಗುವಿಗೆ ಅದರಲ್ಲಿ ಎಷ್ಟು ಸಿಕ್ಕಿತೋ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ದೊಡ್ಡ ಬದಲಾವಣೆ ಆಗಿದ್ದು 2001ರಿಂದ 2006ರ ನಡುವೆ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಒಂದು ಆದೇಶ ಕೊಟ್ಟಿತು: ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು, ಕನಿಷ್ಠ 300 ಕ್ಯಾಲೊರಿ, ವರ್ಷಕ್ಕೆ ಕನಿಷ್ಠ 200 ದಿನ. ಕರ್ನಾಟಕದಲ್ಲಿ ಅದು ಅಕ್ಷರ ದಾಸೋಹ ಆಯಿತು. ಮೊದಲು ಉತ್ತರದ ಏಳು ಜಿಲ್ಲೆಗಳಿಗೆ ಬಂತು, 2003ರಲ್ಲಿ ನಮ್ಮ ಕಡೆಗೂ.

ಆಗಿನ ಕಾಲವನ್ನು ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯಲ್ಲೇ ಇತ್ತು. ಶಿಡ್ಲಘಟ್ಟದ ಕಡೆ ರೇಷ್ಮೆಯೇ ಬದುಕು. ಗೂಡನ್ನು ಬಿಸಿನೀರಲ್ಲಿ ಬೇಯಿಸಿ ಎಳೆ ತೆಗೆಯುವ ಕೆಲಸ, ದಿನವಿಡೀ ಕೈ ನೀರಲ್ಲೇ ಇರಬೇಕು, ಚರ್ಮ ಬೆಂದು ಹೋಗುತ್ತದೆ. ಇಂಥ ಕೆಲಸಕ್ಕೆ ಮಕ್ಕಳನ್ನು ಹಚ್ಚುವುದು, ಮನೆಯವರು ಪಡೆದ ಮುಂಗಡಕ್ಕಾಗಿ ಮಗು ವರ್ಷಗಟ್ಟಲೆ ದುಡಿಯುವುದು ನಮ್ಮ ರಾಜ್ಯದ ರೇಷ್ಮೆ ಉದ್ಯಮದಲ್ಲಿ ಇತ್ತು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿಯೂ ಅದನ್ನೇ ದಾಖಲಿಸಿತು. ಅಂಥ ಹೊತ್ತಲ್ಲಿ ಶಾಲೆಯಲ್ಲಿ ಮಧ್ಯಾಹ್ನ ಬಿಸಿ ಅನ್ನ, ಸಾರು ಸಿಗುತ್ತದೆ ಅನ್ನುವುದು ಸಣ್ಣ ಮಾತಲ್ಲ.

ಆದರೆ ಯಾರೂ ಲೆಕ್ಕ ಹಾಕದ ಒಂದು ವಿಷಯ ಇತ್ತು. ಅಪ್ಪ ಅಮ್ಮ ಕೂಲಿಗೆ ಹೋದಾಗ ಮನೆಯ ಕೂಸನ್ನು ನೋಡಿಕೊಳ್ಳುತ್ತಿದ್ದವಳು ಏಳೆಂಟು ವರ್ಷದ ಅಕ್ಕ. ಅವಳು ಶಾಲೆಗೆ ಹೋಗಿದ್ದು ಒಳ್ಳೆಯದೇ, ಅವಳ ಹಕ್ಕದು. ಹಾಗಾದರೆ ಕೂಸು? ಅಂಗನವಾಡಿಯಲ್ಲಿ ದಿನಾ ಕೂತು ಊಟ ಮಾಡುವುದು ಮೂರು ವರ್ಷ ದಾಟಿದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಪುಷ್ಟಿ ಅನ್ನುವ ಪೌಷ್ಟಿಕ ಆಹಾರದ ಪೊಟ್ಟಣ ಮನೆಗೆ ಬರುತ್ತದೆ. ಮನೆಯಲ್ಲಿ ಕಲಸಿ ತಿನ್ನಿಸುವವರು ಬೇಕಲ್ವಾ? ಅಂಗನವಾಡಿ ಬಾಗಿಲು ತೆರೆಯುವುದೂ ಒಂಬತ್ತೂವರೆಗೆ, ಹೂ ಬಿಡಿಸುವ ಹೆಂಗಸರು ಬೆಳಗಿನ ಜಾವಕ್ಕೇ ತೋಟದಲ್ಲಿರುತ್ತಾರೆ.

ಕಾಯ್ದೆಯಲ್ಲಿ ಇದಕ್ಕೆ ದಾರಿ ಇರಲಿಲ್ಲ ಅಂತಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲೇ, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕು ಅಂತಿತ್ತು. ರಾಜ್ಯ ಬಜೆಟ್‌ನಲ್ಲಿ 4,000 ಪಂಚಾಯಿತಿಗಳಿಗೆ ಕೂಸಿನ ಮನೆ ಘೋಷಣೆ ಆಗಿದ್ದು 2023ರಲ್ಲಿ. ನಡುವೆ 2013ರಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ, 2017ರಲ್ಲಿ ಗರ್ಭಿಣಿ ಬಾಣಂತಿಯರಿಗೆ ಊಟ ಕೊಡುವ ಮಾತೃಪೂರ್ಣ ಬಂದವು. ಎರಡೂ ಬೇಕಿದ್ದವೇ. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, ರಾಜ್ಯದಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದ, ಐದು ವರ್ಷದೊಳಗಿನ ಮಕ್ಕಳು 2015-16ರಲ್ಲಿ ಶೇ 36.2 ಇದ್ದರು, 2019-21ರಲ್ಲಿ ಶೇ 35.4. ಎತ್ತರ ಕುಂಠಿತವಾಗುವುದು ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ, ಅಂದರೆ ಯೋಜನೆ ಸರಿಯಾಗಿ ಮುಟ್ಟದ ಅದೇ ವಯಸ್ಸಲ್ಲಿ.

ಇನ್ನು ಮಾಲೂರಿನ ಇಟ್ಟಿಗೆ ಗೂಡುಗಳ ಮಕ್ಕಳು. ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಕಡೆ ಜನ ಕೇಳಿದರೆ ಮೂರು ತಿಂಗಳಲ್ಲಿ ಅಂಗನವಾಡಿ ಕೊಡಬೇಕು ಅಂತ 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮಳೆ ಬಂದರೆ ಗೂಡಿನ ಕೆಲಸ ನಿಲ್ಲುತ್ತದೆ, ಹೊರಗಿಂದ ಬಂದ ಕುಟುಂಬಗಳು ಊರಿಗೆ ಹೊರಡುತ್ತವೆ. ಅರ್ಜಿ, ಪರಿಶೀಲನೆ, ಮಂಜೂರಾತಿ ಮುಗಿಯುವ ಹೊತ್ತಿಗೆ ಮಕ್ಕಳೇ ಅಲ್ಲಿರುವುದಿಲ್ಲ. ಅವರಿಗೆ ಬೇಕಿರುವುದು ಕೆಲಸ ಶುರುವಾಗುವ ದಿನವೇ ತೆರೆದು ಕೆಲಸ ಮುಗಿಯುವವರೆಗೆ ನಡೆಯುವ ಕೇಂದ್ರ, ಆಧಾರ್ ವಿಳಾಸ ಯಾವ ಊರಿನದ್ದು ಅಂತ ಕೇಳದೆ ಊಟ ಬಡಿಸುವ ಕೇಂದ್ರ.