ಎಳ್ಳುಕಾಳಿನಷ್ಟು ಪುಡಿಗೆ ಸಂದ ಪ್ರಶಸ್ತಿ

ಹೊಸ ವಸ್ತುವನ್ನು ತಯಾರಿಸಿದ ರಸಾಯನ ವಿಜ್ಞಾನಿಯ ಹೆಸರು ಬೇಗ ಊರಿಗೆಲ್ಲ ತಿಳಿಯುತ್ತದೆ. ಆ ವಸ್ತುವಿನಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಅಳೆದು ಹೇಳಿದವರನ್ನು ನೆನೆಯುವವರು ಕಡಿಮೆ. ವಿಯೆನ್ನಾದಲ್ಲಿರುವ ಆಸ್ಟ್ರಿಯಾದ ವಿಜ್ಞಾನ ಅಕಾಡೆಮಿ ಕೊಡುತ್ತ ಬಂದ ಫ್ರಿಟ್ಜ್ ಪ್ರೆಗ್ಲ್ ಪ್ರಶಸ್ತಿ ಹುಟ್ಟಿದ್ದೇ ಇಂಥ ಅಳೆಯುವವರಿಗಾಗಿ. ಗ್ರಾಟ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪ್ರೆಗ್ಲ್ 1930ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು ಅಕಾಡೆಮಿಗೆ ದೊಡ್ಡ ಮೊತ್ತವೊಂದನ್ನು ಒಪ್ಪಿಸಿ, ಅದರ ಬಡ್ಡಿಯಲ್ಲಿ ಸೂಕ್ಷ್ಮ ವಿಶ್ಲೇಷಣೆಯ, ಅಂದರೆ ಕೆಲವೇ ಮಿಲಿಗ್ರಾಂ ವಸ್ತುವಿನಲ್ಲಿ ಏನೆಷ್ಟಿದೆ ಎಂದು ಅಳೆಯುವ ವಿದ್ಯೆಯ, ಆಸ್ಟ್ರಿಯಾದ ತಜ್ಞರನ್ನು ಗೌರವಿಸಬೇಕೆಂದು ಕೇಳಿಕೊಂಡಿದ್ದರು. 1931ರಿಂದ ವರ್ಷಕ್ಕೊಮ್ಮೆ ಪ್ರಶಸ್ತಿ ಸಲ್ಲತೊಡಗಿತು.

ಪ್ರೆಗ್ಲ್ ಓದಿದ್ದು ವೈದ್ಯಕೀಯ. ಪಿತ್ತರಸದ ಆಮ್ಲಗಳ ಬೆನ್ನು ಹತ್ತಿದ್ದಾಗ, 1910ರ ಸುಮಾರಿಗೆ, ಅವರಿಗೊಂದು ವಸ್ತು ದಕ್ಕಿತು. ಸಿಕ್ಕಿದ್ದು ಮಾತ್ರ ಚಿಟಿಕೆಗಿಂತ ಕಡಿಮೆ. ಆಗ ಬಳಕೆಯಲ್ಲಿದ್ದದ್ದು ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ 1831ರಲ್ಲಿ ರೂಪಿಸಿದ ದಹನ ವಿಧಾನ: ವಸ್ತುವನ್ನು ತೂಗಿ ಸುಡಬೇಕು, ಅದರ ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಜಲಜನಕ ನೀರಾಗುತ್ತದೆ, ಎರಡನ್ನೂ ಬೇರೆ ಬೇರೆ ಹಿಡಿದು ತೂಗಿದರೆ ಮೂಲವಸ್ತುಗಳ ಶೇಕಡಾ ಪ್ರಮಾಣ ಗೊತ್ತಾಗುತ್ತದೆ. ಒಂದೊಂದು ಪರೀಕ್ಷೆಗೂ 0.2ರಿಂದ 0.5 ಗ್ರಾಂ, ಅಂದರೆ ಎರಡರಿಂದ ನಾಲ್ಕು ಗುಲಗಂಜಿ ತೂಕದಷ್ಟು ಪುಡಿ ಬೇಕು. ಅಷ್ಟು ಒಟ್ಟುಮಾಡಲು ಟನ್‌ಗಟ್ಟಲೆ ಕಚ್ಚಾ ಸಾಮಗ್ರಿಯನ್ನು ಸೋಸಬೇಕು, ಇಲ್ಲವೇ ವಿಧಾನವನ್ನೇ ಕುಗ್ಗಿಸಬೇಕು. ಪ್ರೆಗ್ಲ್ ಎರಡನೆಯ ದಾರಿ ಹಿಡಿದರು. 1912ರ ಹೊತ್ತಿಗೆ 7ರಿಂದ 13 ಮಿಲಿಗ್ರಾಂ ಸಾಕಾಯಿತು, ಮುಂದೆ 3ರಿಂದ 5 ಮಿಲಿಗ್ರಾಂ. ಒಂದು ಎಳ್ಳುಕಾಳಿನ ತೂಕ ಸುಮಾರು 3 ಮಿಲಿಗ್ರಾಂ.

ಉಪಕರಣವನ್ನು ಚಿಕ್ಕದು ಮಾಡಿಬಿಟ್ಟರೆ ಕೆಲಸ ಮುಗಿಯುವುದಿಲ್ಲ. ವಸ್ತು ನೂರು ಪಾಲು ಕಡಿಮೆಯಾದರೂ ತಪ್ಪುಗಳು ತಮ್ಮಷ್ಟಕ್ಕೆ ಕಡಿಮೆಯಾಗುವುದಿಲ್ಲ. ಒಂದು ಲೆಕ್ಕ ನೋಡಿ. ಬೆಂಜೋಯಿಕ್ ಆಮ್ಲದಲ್ಲಿ ಇಂಗಾಲ ಶೇ. 68.85, ಜಲಜನಕ ಶೇ. 4.95. ಅದರ 4 ಮಿಲಿಗ್ರಾಂ ಸುಟ್ಟರೆ ಸಿಗುವುದು 10.09 ಮಿಲಿಗ್ರಾಂ ಕಾರ್ಬನ್ ಡೈಆಕ್ಸೈಡ್, 1.77 ಮಿಲಿಗ್ರಾಂ ನೀರು. ನೀರಿನ ತೂಕದಲ್ಲಿ ಬರೀ 0.1 ಮಿಲಿಗ್ರಾಂ ಹೆಚ್ಚಾದರೆ ಜಲಜನಕ 4.95ರ ಬದಲು 5.23 ಎಂದು ಬರುತ್ತದೆ. ಒಪ್ಪಬಹುದಾದ ತಪ್ಪು ಎಂದು ಆಗ ಇಟ್ಟುಕೊಂಡಿದ್ದ 0.3ರ ಅಂಚಿಗೆ ಅದು ಹೆಚ್ಚುಕಡಿಮೆ ತಲುಪಿಯೇಬಿಟ್ಟಿತು. ಆದ್ದರಿಂದ ಮೊದಲು ತಕ್ಕಡಿ ಬದಲಾಗಬೇಕಿತ್ತು. ಹ್ಯಾಂಬರ್ಗ್‌ನ ಕುಶಲಕರ್ಮಿ ಕೂಲ್ಮನ್ ಅವರ ಜೊತೆ ಸೇರಿ ಪ್ರೆಗ್ಲ್, 20 ಗ್ರಾಂ ಭಾರ ಹೊತ್ತೂ 0.001 ಮಿಲಿಗ್ರಾಂ ವ್ಯತ್ಯಾಸ ತೋರಿಸುವ ತಕ್ಕಡಿ ಮಾಡಿಸಿಕೊಂಡರು. ಅನಿಲ ಹೀರುವ ಗಾಜಿನ ಕೊಳವೆಗಳೇ ಹಲವು ಗ್ರಾಂ ತೂಗುವುದರಿಂದ ಅಷ್ಟು ಭಾರ ಹೊರುವುದು ಅಗತ್ಯವಾಗಿತ್ತು.

ಇನ್ನು ಸುಡುವ ಕೆಲಸ. ಗಟ್ಟಿ ಗಾಜಿನ ನಳಿಕೆಯೊಳಗೆ ಪ್ಲಾಟಿನಂ ದೋಣಿಯಲ್ಲಿ ಪುಡಿ ಇಟ್ಟು, ಆಮ್ಲಜನಕವನ್ನು ನಿಮಿಷಕ್ಕೆ ಮೂರು ನಾಲ್ಕು ಮಿಲಿಲೀಟರಿನಂತೆ ಹಾಯಿಸುತ್ತ, ಉರಿಯನ್ನು ಮೆಲ್ಲಗೆ ದೋಣಿಯತ್ತ ಸರಿಸಬೇಕು. ಅವಸರ ಮಾಡಿದರೆ ಆವಿ ಪೂರ್ತಿ ಸುಡದೆಯೇ ನುಗ್ಗಿಹೋಗಿ ಇಂಗಾಲ ಕಡಿಮೆ ಬರುತ್ತದೆ. ದೋಣಿಯ ಮುಂದಿನ ತುಂಬುವಿಕೆಯಲ್ಲಿ ಒಂದೊಂದಕ್ಕೂ ಒಂದೊಂದು ಕೆಲಸ. ತಾಮ್ರದ ಆಕ್ಸೈಡ್ ದಹನವನ್ನು ಪೂರ್ಣಗೊಳಿಸುತ್ತದೆ, ಸೀಸದ ಕ್ರೋಮೇಟ್ ಗಂಧಕವನ್ನು ಹಿಡಿಯುತ್ತದೆ, ಬೆಳ್ಳಿ ಕ್ಲೋರಿನ್ ಬಳಗವನ್ನು ತಡೆಯುತ್ತದೆ. ಕೊನೆಯಲ್ಲಿರುವ ಸೀಸದ ಡೈಆಕ್ಸೈಡ್ ಸಾರಜನಕದ ಆಕ್ಸೈಡ್‌ಗಳನ್ನು ನುಂಗುತ್ತದೆ. ಅವು ಮುಂದೆ ಹೋದರೆ ಕಾರ್ಬನ್ ಡೈಆಕ್ಸೈಡಿನ ಲೆಕ್ಕಕ್ಕೆ ಸೇರಿ ಇಂಗಾಲವನ್ನು ಸುಳ್ಳಾಗಿ ಏರಿಸುತ್ತವೆ. ಈ ಸೀಸದ ಡೈಆಕ್ಸೈಡಿನದೇ ದೊಡ್ಡ ತಲೆನೋವು: ಅದು ಸ್ವಲ್ಪ ತೇವವನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಎಷ್ಟು ಎಂಬುದು ಬಿಸಿಗೆ ತಕ್ಕಂತೆ ಬದಲಾಗುತ್ತದೆ. ಬಿಸಿ ಏರಿಳಿದರೆ ಜಲಜನಕದ ಅಂಕಿಯೂ ಏರಿಳಿಯುತ್ತದೆ. ಅದಕ್ಕೇ ಸೈಮೀನ್ ಎಂಬ ದ್ರವವನ್ನು ಕುದಿಸಿ, ಅದರ ಕುದಿಬಿಂದುವಿನಲ್ಲೇ, ಸುಮಾರು 177 ಡಿಗ್ರಿಯಲ್ಲಿ, ಆ ಭಾಗವನ್ನು ಕಾಯಿಸಿಡುತ್ತಿದ್ದರು. ಸರಳವಾದ, ತುಂಬ ಜಾಣ ಉಪಾಯ.

ನಳಿಕೆಯಿಂದ ಹೊರಬಂದ ಅನಿಲ ಮೊದಲು ನೀರನ್ನು ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಕೊಳವೆಗೆ, ಆಮೇಲೆ ಕಾರ್ಬನ್ ಡೈಆಕ್ಸೈಡ್ ಹೀರುವ ಸೋಡಾ ಲೈಮ್ ಎಂಬ ಕ್ಷಾರದ ಕೊಳವೆಗೆ ಹೋಗಬೇಕು. ಸೋಡಾ ಲೈಮ್ ನೀರನ್ನೂ ಹೀರುವುದರಿಂದ ಕ್ರಮ ಹಿಂದುಮುಂದಾದರೆ ಪರೀಕ್ಷೆಯೇ ಕೆಟ್ಟಿತು. ಕಾರ್ಬನ್ ಡೈಆಕ್ಸೈಡ್ ಹೀರುವಾಗ ಸೋಡಾ ಲೈಮಿನಲ್ಲೇ ಹೊಸದಾಗಿ ನೀರು ಹುಟ್ಟುತ್ತದೆ. ಅದು ತಪ್ಪಿಸಿಕೊಳ್ಳದಂತೆ ಆ ಕೊಳವೆಯ ತುದಿಯಲ್ಲೂ ತೇವ ಹೀರುವ ಪದಾರ್ಥ ಇರಬೇಕು. ಕೊಳವೆಗಳನ್ನು ಜೋಡಿಸುವ ರಬ್ಬರ್ ಕೂಡ ಸುಮ್ಮನಿರುವುದಿಲ್ಲ. ಹೊಸ ರಬ್ಬರ್ ಬಿಡುವ ಆವಿಯೇ ಫಲಿತಾಂಶ ಕೆಡಿಸೀತೆಂದು ಅದನ್ನು ಮೊದಲೇ ಕಾಯಿಸಿ ಹಳತಾಗಿಸಿ ಬಳಸುತ್ತಿದ್ದರು.

ಕೊನೆಗೆ ತೂಗುವ ಮುನ್ನ ಕೊಳವೆಯಲ್ಲಿ ಉಳಿದ ಆಮ್ಲಜನಕವನ್ನು ಗಾಳಿಯಿಂದ ಹೊರದೂಡಬೇಕು. ಇದನ್ನು ಮರೆತವರ ಫಲಿತಾಂಶ ನೆಟ್ಟಗಾಗುವ ಮಾತೇ ಇಲ್ಲ. ಆಮ್ಲಜನಕ ಗಾಳಿಗಿಂತ ಮಿಲಿಲೀಟರಿಗೆ ಸುಮಾರು 0.12 ಮಿಲಿಗ್ರಾಂ ಭಾರ. ಕೊಳವೆಯಲ್ಲಿ 5 ಮಿಲಿಲೀಟರ್ ಜಾಗವಿದ್ದರೆ 0.6 ಮಿಲಿಗ್ರಾಂ ತಪ್ಪು, ಇಂಗಾಲದ ಅಂಕಿಯಲ್ಲಿ 4ರಷ್ಟು ಏರಿಕೆ! ಆಮೇಲೆ ಕೊಳವೆಯನ್ನು ಒದ್ದೆ ಫ್ಲಾನೆಲ್ ಬಟ್ಟೆಯಿಂದ, ಬಳಿಕ ಮೆತ್ತನೆಯ ಚರ್ಮದಿಂದ ಒರೆಸಿ, ತಕ್ಕಡಿಯ ಪಕ್ಕದಲ್ಲೇ ತಣಿಯಲು ಬಿಡಬೇಕು. ಬೆಚ್ಚಗಿರುವ ಗಾಜಿನ ಸುತ್ತ ಗಾಳಿ ಮೇಲೇಳುತ್ತ ತಟ್ಟೆಯನ್ನೂ ಎತ್ತುತ್ತದೆ, ತೂಕ ಕಡಿಮೆ ತೋರುತ್ತದೆ.

1923ರ ರಸಾಯನಶಾಸ್ತ್ರದ ನೊಬೆಲ್ ಪ್ರೆಗ್ಲ್ ಅವರಿಗೆ ಬಂತು. ಪ್ರಶಸ್ತಿ ಕೊಟ್ಟದ್ದು ಹೊಸ ಆವಿಷ್ಕಾರಕ್ಕಲ್ಲ, ಇದ್ದ ವಿಧಾನಗಳನ್ನು ತಿದ್ದಿ ಉತ್ತಮಗೊಳಿಸಿದ್ದಕ್ಕೆ ಎಂದು ಆ ಸಮಾರಂಭದಲ್ಲೇ ಹೇಳಲಾಯಿತು. ಒರೆಸುವ ಬಟ್ಟೆಯನ್ನೂ ರಬ್ಬರಿನ ವಯಸ್ಸನ್ನೂ ಬಿಡದೆ ಯೋಚಿಸಿದವರಿಗೆ ಇದಕ್ಕಿಂತ ಸರಿಯಾದ ಮನ್ನಣೆ ಇನ್ನಾವುದು? ತಮ್ಮ ಹೆಸರಿನ ಪ್ರಶಸ್ತಿಯನ್ನೂ ಅವರು ಇದೇ ಕಸುಬಿನವರಿಗೆ ಮೀಸಲಿಟ್ಟರು.

ಆ ಪ್ರಶಸ್ತಿ ಆರಂಭವಾದ 1931ರಲ್ಲೇ ಜರ್ಮನಿಯ ಬುಟೆನಾಂಟ್ ಸುಮಾರು 15,000 ಲೀಟರ್ ಮೂತ್ರವನ್ನು ಸಂಸ್ಕರಿಸಿ ಆಂಡ್ರೋಸ್ಟೆರೋನ್ ಎಂಬ ಪುರುಷ ಹಾರ್ಮೋನನ್ನು ಬೇರ್ಪಡಿಸಿದರು. ಸಿಕ್ಕಿದ್ದು 15 ಮಿಲಿಗ್ರಾಂ. ಲೀಬಿಗ್ ವಿಧಾನಕ್ಕೆ ಅದು ಒಂದು ಪರೀಕ್ಷೆಗೂ ಸಾಲದು. ಸೂಕ್ಷ್ಮ ವಿಧಾನದಲ್ಲಿ ಕೆಲವು ಮಿಲಿಗ್ರಾಂ ಸುಟ್ಟು, ಉಳಿದದ್ದನ್ನು ಬೇರೆ ಪರೀಕ್ಷೆಗಳಿಗೆ ಇಟ್ಟುಕೊಳ್ಳಬಹುದು.

ಈಗ ಈ ಕೆಲಸವನ್ನು ಯಂತ್ರ ಮಾಡುತ್ತದೆ. ಎರಡು ಮೂರು ಮಿಲಿಗ್ರಾಂ ಪುಡಿಯನ್ನು ತವರದ ಪುಟ್ಟ ಡಬ್ಬಿಯಲ್ಲಿ ಮಡಚಿ ಹಾಕಿದರೆ 950 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟು, ಅನಿಲಗಳನ್ನು ಬೇರ್ಪಡಿಸಿ, ಕೆಲವೇ ನಿಮಿಷಗಳಲ್ಲಿ ಇಂಗಾಲ, ಜಲಜನಕ, ಸಾರಜನಕದ ಅಂಕಿ ಕೊಡುತ್ತದೆ. ಪುಡಿಯೇ ಒಣಗಿರದಿದ್ದರೆ ಯಂತ್ರವೇನೂ ಮಾಡಲಾಗದು. ಮೇಲೆ ಹೇಳಿದ ಬೆಂಜೋಯಿಕ್ ಆಮ್ಲದಲ್ಲಿ ನೂರಕ್ಕೆ 1 ಪಾಲು ನೀರು ಉಳಿದರೂ ಇಂಗಾಲ 68.16ಕ್ಕೆ ಇಳಿಯುತ್ತದೆ, ಜಲಜನಕ 5.01ಕ್ಕೆ ಏರುತ್ತದೆ. ಇಂಗಾಲ ಇಳಿದು ಜಲಜನಕ ತುಸು ಏರಿದ್ದರೆ ಮೊದಲು ಶಂಕಿಸಬೇಕಾದದ್ದು ತೇವವನ್ನೇ. ಪುಡಿಯನ್ನು ನಿರ್ವಾತದಲ್ಲಿ ಒಣಗಿಸಿ ಮತ್ತೆ ತೂಗಿ, ತೂಕ ನಿಂತ ಮೇಲೆ ಇನ್ನೊಮ್ಮೆ ಸುಟ್ಟು ನೋಡಬೇಕು. ಅದರ ಹಿಂದೆ ಮುಂದೆ ಮೂಲವಸ್ತುಗಳ ಪ್ರಮಾಣ ಮೊದಲೇ ಗೊತ್ತಿರುವ ಶುದ್ಧ ಅಸಿಟನಿಲೈಡ್ ಎಂಬ ವಸ್ತುವನ್ನೂ ಸುಟ್ಟು, ಇಂಗಾಲ 71.09, ಜಲಜನಕ 6.71, ಸಾರಜನಕ 10.36 ಬರುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು.