ಲಿಸ್ಬನ್‌ನ ನೇರ ಬೀದಿಗಳ ಹಿಂದೆ ಒಂದು ಶನಿವಾರ

ಪೋರ್ಚುಗಲ್ ರಾಜಧಾನಿ ಲಿಸ್ಬನ್‌ನ ನಕ್ಷೆಯನ್ನು ಸುಮ್ನೆ ಒಮ್ಮೆ ನೋಡಿ. ಗುಡ್ಡದ ಮೇಲಿನ ಅಲ್ಫಾಮಾದ ಓಣಿಗಳು ಸಿಕ್ಕುಬಿದ್ದ ದಾರದ ಹಾಗಿವೆ. ಅರಬರ ಕಾಲದ ಬೀದಿಗಳು ಅವು. ಅದರ ಕೆಳಗೇ, ಟೇಗಸ್ ನದಿ ದಡದ ತಗ್ಗಿನಲ್ಲಿ ಬೈಶಾ ಎಂಬ ಪೇಟೆ. ಅಲ್ಲಿ ಎಲ್ಲವೂ ಗಣಿತದ ಪುಸ್ತಕದ ಚೌಕಗಳ ಹಾಗೆ. ಒಂದೇ ಊರಿನಲ್ಲಿ ಎರಡು ಊರು ಯಾಕೆ?

1755ರ ನವೆಂಬರ್ 1, ಶನಿವಾರ. ಸಕಲ ಸಂತರ ಹಬ್ಬ. ಚರ್ಚುಗಳು ತುಂಬಿದ್ದವು, ಒಳಗೆಲ್ಲ ಮೇಣದ ಬತ್ತಿ ಉರಿಯುತ್ತಿದ್ದವು. ಬೆಳಗ್ಗೆ ಒಂಬತ್ತೂವರೆ ದಾಟಿದ ಮೇಲೆ ಭೂಮಿ ನಡುಗಿತು. ಬದುಕಿದವರು ಬಯಲು ಹುಡುಕಿಕೊಂಡು ನದಿ ಕಡೆ ಓಡಿದರು. ಅಲ್ಲಿ ನೀರು ಮೊದಲು ಹಿಂದೆ ಸರಿಯಿತು, ಆಮೇಲೆ ಅಲೆಯಾಗಿ ನುಗ್ಗಿತು. ಇತ್ತ ಬಿದ್ದ ಬತ್ತಿ, ಒಲೆಗಳಿಂದ ಹೊತ್ತಿಕೊಂಡ ಬೆಂಕಿ ಐದಾರು ದಿನ ಆರಲಿಲ್ಲ. ಸತ್ತವರೆಷ್ಟು? 10 ಸಾವಿರದಿಂದ 50 ಸಾವಿರದವರೆಗೆ ಬೇರೆ ಬೇರೆ ಅಂದಾಜುಗಳಿವೆ.

ನದಿ ದಡದ ಅರಮನೆ ಹೋಯಿತು. ಅದರಲ್ಲಿದ್ದ ಸುಮಾರು 70,000 ಪುಸ್ತಕಗಳು ಹೋದವು. ಅದೇ ವರ್ಷ ಶುರುವಾಗಿದ್ದ ಹೊಸ ಒಪೆರಾ ಮಂದಿರವೂ ಹೋಯಿತು. ಅರಮನೆಗೆ ಅಂಟಿಕೊಂಡೇ ಕಾಸಾ ದ ಇಂಡಿಯಾ ಇತ್ತು, ಅಂದರೆ ಭಾರತದ ವ್ಯಾಪಾರದ ಕಚೇರಿ. ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿ ಕೂತಿದ್ದ ಕಾಲದಲ್ಲಿ ನಮ್ಮ ಕರಾವಳಿಯ ಕಾಳುಮೆಣಸಿನ ಲೆಕ್ಕವೂ ಈ ಕಚೇರಿಗೇ ಹೋಗುತ್ತಿತ್ತು. ಆ ಕಡತಗಳು ಇವತ್ತು ಇಲ್ಲ.

ರಾಜ ಒಂದನೇ ಜೋಸೆ ಬದುಕುಳಿದ. ಕುಟುಂಬದ ಜೊತೆ ಊರಾಚೆಯ ಬೆಲೆಂ ಕಡೆಗೆ ಹೋಗಿದ್ದ. ಆದರೆ ಕಲ್ಲಿನ ಚಾವಣಿ ಕಂಡರೆ ಭಯ. ಅಜುಡಾ ಗುಡ್ಡದ ಮೇಲೆ ಮರದ ಬಿಡಾರ ಕಟ್ಟಿಸಿಕೊಂಡು ಸಾಯುವವರೆಗೂ ಅಲ್ಲೇ ಇದ್ದ. ಆಡಳಿತ ಮಂತ್ರಿ ಕಾರ್ವಾಲ್ಯೊ ಕೈಗೆ ಬಂತು. ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎಂಬ ಬಿರುದಿನಿಂದ ಹೆಸರಾದದ್ದು ಇವನೇ. ಹೆಣಗಳನ್ನು ದೋಣಿಗೆ ಹಾಕಿ ನೀರಿನಲ್ಲಿ ಮುಳುಗಿಸಿದ, ಆಹಾರದ ಬೆಲೆ ಏರದಂತೆ ತಡೆದ, ಕೊಳ್ಳೆ ಹೊಡೆದವರನ್ನು ನೇಣಿಗೆ ಹಾಕಿಸಿದ. ಕಂಪನ ಎಷ್ಟು ಹೊತ್ತು ಇತ್ತು, ಸಮುದ್ರ ಮೊದಲು ಏರಿತೋ ಇಳಿಯಿತೋ ಅಂತ ಊರೂರಿನ ಪಾದ್ರಿಗಳಿಗೆ ಪ್ರಶ್ನೆಪಟ್ಟಿಯನ್ನೂ ಕಳಿಸಿದ. ಹಾಗಂತ ಇವನು ಒಳ್ಳೆಯವನು ಅಂದುಕೊಳ್ಳಬೇಡಿ. ಭೂಕಂಪ ದೇವರ ಶಿಕ್ಷೆ ಎಂದು ಬರೆದ ಜೆಸುಯಿಟ್ ಪಾದ್ರಿ ಮಲಗ್ರಿಡಾನನ್ನು ಮೊದಲು ಊರು ಬಿಡಿಸಿದ. 1761ರಲ್ಲಿ ಆ ಮುದುಕನಿಗೆ ಮರಣದಂಡನೆಯೇ ಆಯಿತು.

ಬೀದಿಗಳ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವವನು ಇನ್ನೊಬ್ಬ, ಮುಖ್ಯ ಎಂಜಿನಿಯರ್ ಮನುಯೆಲ್ ದ ಮಾಯಾ. ಆಗ ವಯಸ್ಸು 78. ರಾಜ್ಯದ ದಾಖಲೆ ಭಂಡಾರದ ಉಸ್ತುವಾರಿಯೂ ಅವನದೇ. ಭಂಡಾರವಿದ್ದ ಗೋಪುರ ಕುಸಿದಾಗ ಕಾಗದಗಳನ್ನು ಅವಶೇಷದಡಿಯಿಂದ ತೆಗೆಸಿ ಉಳಿಸಿದ. ಒಂದು ತಿಂಗಳ ಮೇಲೆ, ಡಿಸೆಂಬರ್ 4ಕ್ಕೆ, ಊರನ್ನು ಹೇಗೆ ಕಟ್ಟಬಹುದು ಅಂತ ಬರೆದು ಕೊಟ್ಟ. ಇದ್ದ ಹಾಗೇ ಕಟ್ಟುವುದು, ಬೀದಿ ಅಗಲ ಮಾಡುವುದು, ಮನೆಗಳ ಎತ್ತರ ತಗ್ಗಿಸುವುದು, ತಗ್ಗಿನ ಪೇಟೆಯನ್ನು ಪೂರ್ತಿ ನೆಲಸಮ ಮಾಡಿ ಹೊಸದಾಗಿ ಗೆರೆ ಹಾಕುವುದು, ಇಲ್ಲವೇ ಊರನ್ನೇ ಬೆಲೆಂ ಕಡೆಗೆ ಸಾಗಿಸುವುದು. ಎಲ್ಲದರ ಲಾಭ ನಷ್ಟವನ್ನೂ ತೂಗಿದ್ದ. ಗೆದ್ದದ್ದು ನೆಲಸಮ. ಅಳತೆ ಮುಗಿಯುವ ತನಕ ಯಾರೂ ಸ್ವಂತವಾಗಿ ಕಟ್ಟುವಂತಿರಲಿಲ್ಲ.

ಯೂಜೆನಿಯೊ ದೊಸ್ ಸಾಂತೊಸ್ ಮತ್ತು ಕಾರ್ಲೊಸ್ ಮಾರ್ಡೆಲ್ ರೂಪಿಸಿದ ಯೋಜನೆಗೆ 1758ರಲ್ಲಿ ಒಪ್ಪಿಗೆ ಸಿಕ್ಕಿತು. ಬೀದಿಗಳಿಗೆ ಕಸುಬಿನ ಹೆಸರು ಬಂತು: ಚಿನ್ನದ ಬೀದಿ, ಚಪ್ಪಲಿ ಹೊಲಿಯುವವರ ಬೀದಿ. ಕಿಟಕಿ, ಬಾಗಿಲುಗಳಿಗೆ ಒಂದೇ ಅಳತೆ. ಚರ್ಚುಗಳು ಕೂಡ ಮನೆಗಳ ಸಾಲಿನಲ್ಲೇ ಅಡಗಿ ನಿಲ್ಲಬೇಕಾಯಿತು.

ಅಸಲಿ ಜಾಣತನ ಇದ್ದದ್ದು ಗೋಡೆಯೊಳಗೆ. ಗುಣಾಕಾರದ ಗುರುತಿನ ಹಾಗೆ ಮರದ ತುಂಡುಗಳನ್ನು ಹೆಣೆದು, ಸಂದಿಗೆ ಕಲ್ಲುಚೂರು, ಗಾರೆ ತುಂಬಿದರು. ಇದಕ್ಕೆ ‘ಗಾಯೊಲಾ’ ಅಂತ ಹೆಸರು, ಅಂದರೆ ಪಂಜರ. ನೆಲ ನಡುಗಿದರೆ ಕಲ್ಲು ಉದುರಬಹುದು, ಪಂಜರ ಬಾಗುತ್ತದೆಯೇ ಹೊರತು ಬೀಳುವುದಿಲ್ಲ. ಮಾದರಿಯೊಂದನ್ನು ನಿಲ್ಲಿಸಿ, ಸುತ್ತ ಸೈನಿಕರಿಂದ ಧಪಧಪ ಹೆಜ್ಜೆ ಹಾಕಿಸಿ ಪರೀಕ್ಷಿಸಿದರು ಎಂಬ ಮಾತಿದೆ. ಮನೆ ಮನೆಗಳ ನಡುವಿನ ಗೋಡೆ ಮಾಡಿಗಿಂತ ಮೇಲಕ್ಕೆ ಹೋಗಬೇಕು, ಬೆಂಕಿ ದಾಟಬಾರದು ನೋಡಿ.

ಮುಂದಿನ ಕಾಲದವರಿಗೆ ಇದೆಲ್ಲ ಮರೆತೇ ಹೋಯಿತು. ಮೇಲೆ ಮಹಡಿ ಏರಿಸಿದರು. ಕೆಳಗೆ ಅಂಗಡಿಗೆ ಜಾಗ ಸಾಲದು ಅಂತ ಗೋಡೆ ಒಡೆದು, ಪಂಜರದ ಮರಗಳನ್ನೇ ಕತ್ತರಿಸಿದರು. ಹೊರಗಿನಿಂದ ನೋಡಿದರೆ ಕಟ್ಟಡ ಅದೇ, ಒಳಗೆ ಎಲುಬಿಲ್ಲ. ಇಂದು ಎಂಜಿನಿಯರ್‌ಗಳಿಗೆ ತಲೆನೋವಾಗಿರುವುದು ಇದೇ.

ಅರಮನೆ ಇದ್ದ ಜಾಗಕ್ಕೆ ಪೊಂಬಾಲ್ ‘ವ್ಯಾಪಾರ ಚೌಕ’ ಅಂತ ಹೆಸರಿಟ್ಟ. ಲಿಸ್ಬನ್ ಜನ ಇನ್ನೂ ಅದನ್ನು ‘ತೆರೈರು ದು ಪಾಸು’, ಅರಮನೆ ಅಂಗಳ, ಅಂತಲೇ ಕರೆಯುತ್ತಾರೆ. ಮೆಟ್ರೊ ನಿಲ್ದಾಣಕ್ಕೂ ಆ ಹಳೆಯ ಹೆಸರೇ.

ಇನ್ನೊಂದು ಜಾಗ ನೋಡುವಂಥದ್ದು. ಕೊರೆಯೈರುಸ್ ಬೀದಿಯ ಒಂದು ಬ್ಯಾಂಕ್ ಕಟ್ಟಡದಲ್ಲಿ 1990ರ ದಶಕದಲ್ಲಿ ಕೆಲಸಕ್ಕೆಂದು ನೆಲ ಅಗೆದಾಗ, ಹಸಿ ಮಣ್ಣಿನಲ್ಲಿ ಕಟ್ಟಡದ ಭಾರ ಹೊರಲು ಹೊಡೆದಿದ್ದ ಪೈನ್ ಮರದ ಗೂಟಗಳು ಸಿಕ್ಕವು. ನೀರಲ್ಲಿ ಮುಳುಗಿದ್ದಷ್ಟು ಕಾಲ ಅವು ಕೊಳೆಯುವುದಿಲ್ಲ, ಒಣಗಿದರೆ ಕಷ್ಟ. ಅದೇ ನೆಲದಡಿಯಲ್ಲಿ ರೋಮನ್ನರು ಮೀನಿಗೆ ಉಪ್ಪು ಹಾಕಿಡುತ್ತಿದ್ದ ತೊಟ್ಟಿಗಳೂ ಸಿಕ್ಕವು.