ಸಸಿಯ ಜೊತೆಗೊಂದು ಮಡಕೆ

ಈಚೆಗೆ ಮದುವೆ, ಗೃಹಪ್ರವೇಶಗಳಿಗೆ ಹೋದರೆ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಬದಲು ಸಸಿ ಸಿಗುವುದುಂಟು. ನನಗೂ ಹಾಗೆ ಒಂದು ಸಂಪಿಗೆ ಸಿಕ್ಕಿತ್ತು. ನಮ್ಮದು ಎರಡನೇ ಮಹಡಿಯ ಮನೆ. ಸಂಪಿಗೆಯೋ ನೂರಡಿ ಎತ್ತರಕ್ಕೆ ಹೋಗಬಲ್ಲ ಮರ. ಬಾಲ್ಕನಿಯ ಕುಂಡದಲ್ಲಿ ಅದು ಒಂದು ಮಳೆಗಾಲ ಹೇಗೋ ಕಳೆಯಿತು, ಶಿವರಾತ್ರಿಯ ಹೊತ್ತಿಗೆ ಒಣಗಿತು. ಕೊಟ್ಟವರು ಫೋನಿನಲ್ಲಿ ವಿಚಾರಿಸಿದಾಗ "ಚೆನ್ನಾಗಿದೆ, ಚಿಗುರಿದೆ" ಎಂದು ಸುಳ್ಳು ಹೇಳಿಬಿಟ್ಟೆ.

ತಪ್ಪು ನನ್ನದೇ, ಆದರೆ ಪೂರ್ತಿ ನನ್ನದಲ್ಲ. ಪರಿಸರ ದಿನ, ವನಮಹೋತ್ಸವ, ಹುಟ್ಟುಹಬ್ಬ, ನಿವೃತ್ತಿ ಸಮಾರಂಭ ಅಂತ ಸಸಿ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಅದಕ್ಕೆ ಬೇಕಾದ ಮೊದಲ ಮೂರು ಬೇಸಿಗೆಯ ನೀರನ್ನು ಕೊಡುವವರು ಯಾರು ಅನ್ನುವುದೇ ಪ್ರಶ್ನೆ.

ಈ ಲೆಕ್ಕವನ್ನು ಸಾಲುಮರದ ತಿಮ್ಮಕ್ಕ ಶಾಲೆಗೆ ಹೋಗದೆಯೇ ಮಾಡಿದ್ದರು. ಮಾಗಡಿ ತಾಲೂಕಿನ ಹುಲಿಕಲ್‌ನಿಂದ ಕುದೂರಿನವರೆಗಿನ ದಾರಿಯಲ್ಲಿ, ಸುಮಾರು ನಾಲ್ಕೂವರೆ ಕಿಲೋಮೀಟರ್ ಉದ್ದಕ್ಕೆ, ಅವರೂ ಗಂಡ ಚಿಕ್ಕಯ್ಯನವರೂ ಬೆಳೆಸಿದ 385 ಆಲದ ಮರಗಳ ಕಥೆ ನಮಗೆಲ್ಲ ಗೊತ್ತು. ಸನ್ಮಾನದ ಭಾಷಣಗಳಲ್ಲಿ 385 ಎಂಬ ಸಂಖ್ಯೆ ಬಂದೇ ಬರುತ್ತದೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ ಮೂರು ಸಣ್ಣ ಸಂಖ್ಯೆಗಳು. ಮೊದಲ ವರ್ಷ ಅವರು ನೆಟ್ಟದ್ದು 10 ಸಸಿ. ಮರುವರ್ಷ 15. ಮೂರನೆಯ ವರ್ಷ 20. ಒಂದೇ ದಿನ ಲಕ್ಷ ಸಸಿ ನೆಟ್ಟು ದಾಖಲೆ ಮಾಡುವ ಕಾಲದಲ್ಲಿ ಇದು ನಗು ತರಿಸುವಷ್ಟು ಚಿಕ್ಕದು. ಆದರೆ ಆ ಸಸಿಗಳಿಗೆ ಬೇಕಾದ ನೀರನ್ನು ಇಬ್ಬರೇ ಕೊಡದಲ್ಲಿ ಹೊತ್ತು ಮೈಲಿಗಟ್ಟಲೆ ನಡೆಯಬೇಕಿತ್ತು. ದನ ಮೇಕೆ ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟಬೇಕಿತ್ತು. ಸಸಿ ಎಷ್ಟು ಎಂಬುದನ್ನು ಅಲ್ಲಿ ತೀರ್ಮಾನಿಸಿದ್ದು ಸಸಿಗಳ ಲಭ್ಯತೆಯಲ್ಲ, ಹೊರಬಹುದಾದ ಕೊಡಗಳು. ಅವರಿಗೆ 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರಿನಲ್ಲಿ ತೀರಿಕೊಂಡರು. ಮರಗಳು ನಿಂತಿವೆ.

ಮೂರು ಬೇಸಿಗೆ ಎಂದೇಕೆ? ನರ್ಸರಿಯಿಂದ ಬರುವ ಸಸಿಯ ಬೇರೆಲ್ಲ ಒಂದು ಪಾಲಿಥಿನ್ ಚೀಲದ ಹೆಂಟೆಯೊಳಗೆ ಇರುತ್ತದೆ. ನಾವು ಎರಡಡಿ ಗುಂಡಿ ತೆಗೆದು, ಗೊಬ್ಬರ ಹಾಕಿ, ನೀರು ತುಂಬಿಸಿದರೂ ಮೊದಲ ಕೆಲವು ವಾರ ಸಸಿ ಕುಡಿಯುವುದು ಆ ಒಂದು ಬೊಗಸೆ ಹೆಂಟೆಯ ನೀರನ್ನು ಮಾತ್ರ. ಗುಂಡಿಯ ಉಳಿದ ಮಣ್ಣು ಒದ್ದೆಯಾಗಿದ್ದೂ ಹೆಂಟೆ ಒಣಗಿರಬಹುದು. ಬೇರು ಅದರಿಂದಾಚೆ ಹೊರಟು, ಬಿಸಿಲಿಗೆ ಬೇಗ ಆರುವ ಮೇಲ್ಪದರವನ್ನು ದಾಟಿ, ಬೇಸಿಗೆಯಲ್ಲೂ ತೇವ ಉಳಿಯುವ ಆಳವನ್ನು ಮುಟ್ಟಬೇಕು. ಆ ಪ್ರಯಾಣ ಮುಗಿಯುವವರೆಗೆ ಅದು ಇನ್ನೂ ಕೂಸು. ಚೀಲದಲ್ಲಿ ವರ್ಷಗಟ್ಟಲೆ ಕೂತ ಸಸಿಯದ್ದು ಇನ್ನೊಂದು ಗೋಳು. ಬೇರು ದಾರಿ ಕಾಣದೆ ಚೀಲದ ಒಳಗೋಡೆಗೆ ಸುತ್ತು ಹಾಕಿರುತ್ತದೆ. ನೆಟ್ಟ ಮೇಲೂ ಅದೇ ಚಾಳಿ ಬಿಡದೆ ಸುತ್ತುತ್ತದೆ, ಮುಂದೆ ಕಾಂಡಕ್ಕೇ ಉರುಳಾಗುತ್ತದೆ. ಹತ್ತು ವರ್ಷದ ಮರ ಸಣ್ಣ ಗಾಳಿಗೆ ಬುಡಸಮೇತ ಉರುಳಿದಾಗ ಬುಡ ನೋಡಿ. ಬೇರು ಸಿಂಬೆಯಂತೆ ಸುತ್ತಿಕೊಂಡಿದ್ದರೆ ಅದರ ಆಯಸ್ಸು ನರ್ಸರಿಯಲ್ಲೇ ನಿಗದಿಯಾಗಿತ್ತು ಎಂದರ್ಥ. ನೆಡುವ ಮೊದಲು ಸುತ್ತಿದ ಬೇರನ್ನು ಬಿಡಿಸಿ, ಬಿಡಿಸಲಾಗದ್ದನ್ನು ಕತ್ತರಿಸುವುದು ನಿರ್ದಯವೆನಿಸಿದರೂ ಉಪಕಾರ.

ಸರ್ಕಾರಿ ಯೋಜನೆಗಳನ್ನು ಹೊಗಳುವ ಅಭ್ಯಾಸ ನನಗಿಲ್ಲ, ಆದರೂ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಒಂದು ಜಾಣತನವನ್ನು ಹೇಳಲೇಬೇಕು. ಅಲ್ಲಿ ರೈತರಿಗೆ ಹಣ ಸಿಗುವುದು ನೆಟ್ಟ ಸಸಿಗೆ ಅಲ್ಲ, ಬದುಕಿರುವ ಸಸಿಗೆ. ಮೂರು ವರ್ಷ, ಪ್ರತಿ ವರ್ಷದ ಕೊನೆಗೆ ಎಣಿಕೆ. ಮೂರನೆಯ ವರ್ಷದ ಮೊತ್ತವೇ ಎಲ್ಲಕ್ಕಿಂತ ಹೆಚ್ಚು. ಬೆಂಗಳೂರಿನ ಬೀದಿಗಳನ್ನು 1980ರ ದಶಕದಲ್ಲಿ ಹಸಿರು ಮಾಡಿದ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರೂ ಇದನ್ನು ಬಲ್ಲವರು. ಸುಮಾರು 15 ಲಕ್ಷ ಗಿಡ ನೆಡಿಸಿದರೆಂದು ಹೆಸರಾದ ಅವರು ಗೇಣುದ್ದದ ಸಸಿಗಳನ್ನು ಬೀದಿಗೆ ತರಲಿಲ್ಲ. ನರ್ಸರಿಯಲ್ಲೇ ಆಳೆತ್ತರ ಬೆಳೆಸಿ, ಕಾವಲು ಬೇಲಿ ಸಮೇತ ನೆಡಿಸಿದರು. ದನದ ಬಾಯಿಗೆ ಎಟುಕದ ಚಿಗುರು ಅರ್ಧ ಗೆದ್ದಂತೆ.

ಆಲದ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಹುಲಿಕಲ್‌ನ ಸಾಲಿನಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಸಮುದಾಯ ಇದೆ. ಆಲದ ಹಣ್ಣು ಎಂದು ನಾವು ಕರೆಯುವುದು ನಿಜಕ್ಕೂ ಒಳಮುಖವಾಗಿ ಮಡಚಿಕೊಂಡ ಹೂಗೊಂಚಲು. ಹೂಗಳೆಲ್ಲ ಒಳಗಿವೆ, ಹೊರಗಿನಿಂದ ಹೋಗಲು ತುದಿಯಲ್ಲಿ ಸೂಜಿಮೊನೆಯಷ್ಟು ದಾರಿ. ಅದರಲ್ಲಿ ನುಸುಳುವುದು ಆಲಕ್ಕೇ ಮೀಸಲಾದ, ಎಳ್ಳಿಗಿಂತ ಚಿಕ್ಕದಾದ ಒಂದು ಕಣಜ. ಅತ್ತಿ ಹಣ್ಣು ಒಡೆದು ನೋಡಿದರೆ ಹುಳ ಎನ್ನುತ್ತೇವಲ್ಲ, ಆ ಹುಳದ ದಾಯಾದಿ ಇದು. ಹೆಣ್ಣು ಕಣಜ ಒಳಗೆ ನುಗ್ಗುವಾಗ ರೆಕ್ಕೆ ಕಿತ್ತುಹೋಗುತ್ತದೆ. ತಂದ ಪರಾಗವನ್ನು ಹೂಗಳಿಗೆ ಸವರಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಮರಿಗಳಲ್ಲಿ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಅವು ಒಳಗೇ ಹೆಣ್ಣುಗಳ ಜೊತೆ ಕೂಡಿ, ಹೊರಬರುವ ಸುರಂಗ ಕೊರೆದುಕೊಟ್ಟು ಮುಗಿಯುತ್ತವೆ. ಹೆಣ್ಣುಗಳು ಪರಾಗ ಹೊತ್ತು ಹಾರುತ್ತವೆ.

ಹಾರಿದ ಆ ಹೆಣ್ಣಿಗೆ ಉಳಿದಿರುವುದು ಒಂದೆರಡು ದಿನದ ಆಯಸ್ಸು. ಅಷ್ಟರೊಳಗೆ ಸರಿಯಾದ ಹದದಲ್ಲಿರುವ ಎಳೆಗಾಯಿ ಬಿಟ್ಟ ಇನ್ನೊಂದು ಆಲ ಸಿಗಬೇಕು. ಒಂದು ಮರದ ಕಾಯಿಗಳು ಹೆಚ್ಚುಕಡಿಮೆ ಒಟ್ಟಿಗೇ ಬಲಿಯುವುದರಿಂದ ಹುಟ್ಟಿದ ಮರದಲ್ಲೇ ಅದು ಸಿಗುವ ಸಂಭವ ಕಡಿಮೆ. ಹಾಗಾಗಿ ಒಂಟಿ ಆಲಕ್ಕಿಂತ, ಬೇರೆ ಬೇರೆ ಕಾಲಕ್ಕೆ ಕಾಯಿ ಬಿಡುವ ಹಲವು ಆಲಗಳ ನೆರೆಹೊರೆ ಈ ಕಣಜದ ಸಂಸಾರಕ್ಕೆ ಬೇಕು. ಕಣಜ ಇದ್ದರೆ ಹಣ್ಣು. ಬೇರೆ ಮರಗಳಲ್ಲಿ ಏನೂ ಇಲ್ಲದ ತಿಂಗಳಲ್ಲೂ ಸಾಲಿನ ಎಲ್ಲೋ ಒಂದು ಕಡೆ ಹಣ್ಣು. ಅದಕ್ಕೇ ಗುಟುರ, ಕೋಗಿಲೆ, ಬಾವಲಿ ಎಲ್ಲ ಅಲ್ಲಿ ಸೇರುವುದು.

ನೆರಳಿನ ಲೆಕ್ಕವನ್ನೂ ಹೇಳಬೇಕು, ಬೇಗ ಹೇಳುತ್ತೇನೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಮರವಿರುವ ಮತ್ತು ಮರವಿಲ್ಲದ ರಸ್ತೆಗಳನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿವರೆಗೆ, ಡಾಂಬರಿನ ಮೈ 27.5 ಡಿಗ್ರಿವರೆಗೆ ತಣ್ಣಗಿತ್ತು. ಇದರಲ್ಲಿ ನೆರಳಿನ ಪಾಲು ದೊಡ್ಡದು, ಎಲೆಯ ಬೆವರಿನ ಪಾಲೂ ಇದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್ ಶಾಖ ಬೇಕು. ದೊಡ್ಡ ಮರವೊಂದು ಒಂದು ದಿನದಲ್ಲಿ 100 ಲೀಟರ್ ಬಿಟ್ಟಿತು ಎಂದುಕೊಳ್ಳಿ. ಅದು ಸುತ್ತಲಿಂದ ಹೀರಿದ ಶಾಖ ಒಂದು ಟನ್ನಿನ ಎ.ಸಿ. 19 ಗಂಟೆ ಎಡೆಬಿಡದೆ ಓಡಿ ಹೊರಹಾಕುವಷ್ಟು. ವ್ಯತ್ಯಾಸ ಇಷ್ಟೇ, ಎ.ಸಿ. ಆ ಶಾಖವನ್ನು ಪಕ್ಕದ ಮನೆಯ ಕಿಟಕಿಗೆ ಊದುತ್ತದೆ.

ಇನ್ನು ಉಡುಗೊರೆ. "ಗಾಳಿ ಶುದ್ಧ ಮಾಡುವ ಗಿಡ" ಎಂಬ ಚೀಟಿ ಅಂಟಿಸಿಕೊಂಡು ಬರುವ ಮನಿಪ್ಲಾಂಟು, ಸ್ನೇಕ್ ಪ್ಲಾಂಟುಗಳ ಮೇಲೆ ನನಗೆ ದ್ವೇಷವಿಲ್ಲ, ಚೀಟಿಯ ಮೇಲೆ ಇದೆ. ಆ ನಂಬಿಕೆಯ ಮೂಲ 1989ರ ನಾಸಾದ ಒಂದು ಪ್ರಯೋಗ. ಅದು ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ. ಕಿಟಕಿ ಬಾಗಿಲುಗಳ ಮನೆಗೆ ಆ ಲೆಕ್ಕವನ್ನು ಹೊಂದಿಸಿ ನೋಡಿದ 2019ರ ಒಂದು ವಿಶ್ಲೇಷಣೆ, ಕಿಟಕಿ ತೆರೆದಷ್ಟೇ ಪರಿಣಾಮ ಬರಲು ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡ ಬೇಕಾದೀತು ಎಂದಿತು. ಮನೆಯವರು ಎಲ್ಲಿ ಮಲಗುವುದು? ರಾತ್ರಿ ಆಮ್ಲಜನಕ ಬಿಡುವ ಗಿಡ ಎಂಬುದೂ ಇಂಥದ್ದೇ. ಕೆಲವು ಗಿಡಗಳು ರಾತ್ರಿ ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು ಕೂಡಿಡುತ್ತವೆ, ನಿಜ. ಆದರೆ ನೀರನ್ನು ಒಡೆದು ಆಮ್ಲಜನಕ ಬಿಡಲು ಬೆಳಕು ಬೇಕೇ ಬೇಕು.

ಬೀಜದ ಪೊಟ್ಟಣ ಒಳ್ಳೆಯ ಉಡುಗೊರೆ, ಯಾವ ಬೀಜ ಎಂಬುದು ಗೊತ್ತಿದ್ದರೆ. ಹುಣಸೆ, ಕಕ್ಕೆ ಬೀಜಗಳು ಒಣಗಿ ವರ್ಷಗಟ್ಟಲೆ ಕಾಯಬಲ್ಲವು. ಗಟ್ಟಿ ಸಿಪ್ಪೆಯನ್ನು ಸ್ವಲ್ಪ ಉಜ್ಜಿ ನೆನೆಹಾಕಿದರೆ ಏಳುತ್ತವೆ. ಹಲಸು, ಮಾವು, ನೇರಳೆಯ ಬೀಜಗಳಿಗೆ ಒಣಗುವುದೆಂದರೆ ಸಾಯುವುದು. ಬೇವಿನದೂ ಹಣ್ಣು ಬಿದ್ದ ಕೆಲವೇ ವಾರಗಳ ಕಥೆ. ಬಣ್ಣದ ಕಾಗದದಲ್ಲಿ ಸುತ್ತಿದ ಬೇವಿನ ಬೀಜ ದಸರೆಗೆ ಕೈಸೇರಿದರೆ ಅದು ಉಡುಗೊರೆಯಲ್ಲ, ಶ್ರದ್ಧಾಂಜಲಿ. ಬೆಟ್ಟದ ಮೇಲಿಂದ ಎಸೆಯುವ ಬೀಜದುಂಡೆಗಳಲ್ಲಿ ಬಹುಪಾಲು ಎಡವುವುದೂ ಇಲ್ಲೇ. ಒಳಗೆ ಯಾವ ಬೀಜ, ಎಷ್ಟು ಹಳೆಯದು ಎಂದು ಕೇಳುವವರು ಕಡಿಮೆ. ಎಸೆಯುವ ಫೋಟೋ ಮಾತ್ರ ಚೆನ್ನಾಗಿ ಬರುತ್ತದೆ. ಅಂಕೋಲೆ ಹೊನ್ನಳ್ಳಿಯ ತುಳಸಿ ಗೌಡ ದಶಕಗಳ ಕಾಲ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದವರು. ಯಾವ ಮರವನ್ನು ತಾಯಿಮರವೆಂದು ಆರಿಸಬೇಕು, ಅದರ ಬೀಜವನ್ನು ಯಾವ ಹದದಲ್ಲಿ ತರಬೇಕು ಎಂಬ ಅವರ ಅರಿವಿಗೇ ದೇಶ ಪದ್ಮಶ್ರೀ ಕೊಟ್ಟಿತು.

ಹಿತ್ತಲು ಇದ್ದವರಿಗೆ ಕಸಿ ಗಿಡ ಕೊಡಬಹುದು. ತಿಮ್ಮಕ್ಕ ಹುಟ್ಟಿದ ಗುಬ್ಬಿ ತಾಲೂಕಿನ ಚೇಳೂರಿನಲ್ಲೇ ಇದ್ದ ಒಂದು ಹಲಸಿನ ಮರ, ಅದರ ತಾಮ್ರಗೆಂಪು ತೊಳೆಯ ದೆಸೆಯಿಂದ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಗಮನ ಸೆಳೆದು, "ಸಿದ್ದು" ಎಂಬ ಹೆಸರಿನಲ್ಲಿ ಕಸಿಯಾಗಿ ಊರೂರು ಸೇರಿತು. ಬೀಜದಿಂದ ಬಂದ ಹಲಸು ತಾಯಿಯಂತೆಯೇ ಇರುವ ಖಾತರಿ ಇಲ್ಲ, ಕಸಿಗೆ ಇದೆ. ಅಜ್ಜಿ ಮನೆಯ ಮರ ಮುಪ್ಪಾಗಿದ್ದರೆ, ಅದರ ಕಡ್ಡಿ ತಂದು ಕಸಿ ಕಟ್ಟಿಸಿ ಅಣ್ಣತಮ್ಮಂದಿರಿಗೆ ಹಂಚುವುದಕ್ಕಿಂತ ಒಳ್ಳೆಯ ಪಾಲುಪಟ್ಟಿ ಇಲ್ಲ. ಉಡುಗೊರೆಗೆ ಗಿಡ ಸವರುವ ಒಳ್ಳೆಯ ಕತ್ತರಿಯೂ ಆಗುತ್ತದೆ. ಹರಿತವಾದ ಅಲಗಿನ ಗಾಯ ಬೇಗ ಮಾಯುತ್ತದೆ, ಮೊಂಡಲಗು ಜಜ್ಜಿದ ಕೊಂಬೆಯಲ್ಲಿ ಬೂಷ್ಟು ಸೇರುತ್ತದೆ. ಬೇವಿನ ಹಿಂಡಿ, ಎರೆಗೊಬ್ಬರ ಕೊಟ್ಟರೆ ಯಾವ ತೋಟಗಾರರೂ ಬೇಡವೆನ್ನರು.

ಆದರೆ ಸಸಿ ಕೊಡಲೇಬೇಕೆಂದಿದ್ದರೆ ಜೊತೆಗೊಂದು ಮಡಕೆ ಕೊಡಿ. ನೀರು ಕುಡಿಯುವುದಕ್ಕಲ್ಲ, ಹೂಳುವುದಕ್ಕೆ. ಬಣ್ಣ, ಮೆರುಗು ಇಲ್ಲದ ಮಣ್ಣಿನ ಮಡಕೆಯನ್ನು ಸಸಿಯಿಂದ ಒಂದಡಿ ದೂರದಲ್ಲಿ ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಸೊಳ್ಳೆ ಬೀಳದಂತೆ ಮುಚ್ಚಳ ಹಾಕಿದರೆ ಮುಗಿಯಿತು. ಚೀನಾದಲ್ಲಿ 2,000 ವರ್ಷಗಳ ಹಿಂದಿನ ಕೃಷಿ ಗ್ರಂಥದಲ್ಲೇ ಈ ಉಪಾಯ ಇದೆ. ಸುಟ್ಟ ಮಣ್ಣಿನ ಗೋಡೆಯ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಹೊರಗಿನ ಮಣ್ಣು ಒಣಗಿದ್ದರೆ ಅದರ ಕಣಗಳ ನಡುವಿನ ಸಂದುಗಳು ನೀರನ್ನು ಬಲವಾಗಿ ಎಳೆಯುತ್ತವೆ, ಬತ್ತಿ ಎಣ್ಣೆ ಎಳೆದಂತೆ. ಮಣ್ಣು ನೆನೆದಷ್ಟೂ ಎಳೆತ ಕಡಿಮೆಯಾಗುತ್ತದೆ, ಸೋರಿಕೆಯೂ ತಗ್ಗುತ್ತದೆ. ಟೈಮರ್ ಇಲ್ಲ, ವಿದ್ಯುತ್ ಇಲ್ಲ. ನೀರು ಎಷ್ಟು ಬೇಕೆಂದು ಮಣ್ಣೇ ಹೇಳುತ್ತದೆ. ಮೇಲ್ಮೈ ಒಣಗಿರುವುದರಿಂದ ಬಿಸಿಲಿಗೆ ಆವಿಯಾಗುವುದೂ ಕಡಿಮೆ, ಕಳೆಯೂ ಕಡಿಮೆ. ಬೇರುಗಳು ವಾಸನೆ ಹಿಡಿದವರಂತೆ ಬಂದು ಮಡಕೆಯನ್ನು ಜಾಲರಿಯಾಗಿ ಅಪ್ಪಿಕೊಳ್ಳುತ್ತವೆ.

ಕೊಳ್ಳುವಾಗ ಒಂದು ಪರೀಕ್ಷೆ. ನೀರು ತುಂಬಿ ಒಂದು ರಾತ್ರಿ ಇಡಿ. ಬೆಳಗ್ಗೆ ಹೊರಮೈ ಬೆವರಿರಬೇಕು. ಕುಡಿಯುವ ನೀರನ್ನು ಚೆನ್ನಾಗಿ ತಣ್ಣಗಿಡುವ ಮಡಕೆಯೇ ಗಿಡಕ್ಕೂ ಒಳ್ಳೆಯದು, ಎರಡಕ್ಕೂ ಕಾರಣ ಅದೇ ರಂಧ್ರ. ಕೊಳವೆಬಾವಿಯ ಗಡುಸು ನೀರಾದರೆ ಸುಣ್ಣ ಕಟ್ಟಿ ಅವು ಕ್ರಮೇಣ ಮುಚ್ಚುತ್ತವೆ. ಮಳೆನೀರು ಸಿಕ್ಕರೆ ಉತ್ತಮ.

ಕಳೆದ ಸಲ ಅತ್ತಿಗೆಯ ಹೊಸಮನೆಗೆ ನಾನು ಒಯ್ದದ್ದು ಒಂದು ಕಸಿ ಹಲಸು, ಒಂದು ಮಡಕೆ. ಕಾಗದ ಬಿಚ್ಚಿದವರೇ "ಇದಕ್ಕೆ ನಲ್ಲಿನೇ ಇಲ್ವಲ್ಲೋ" ಅಂದರು. ಹೂತಿಟ್ಟು, ಹೇಗೆಂದು ತೋರಿಸಿ ಬಂದೆ. ಚಳಿಗಾಲದಲ್ಲಿ ಐದಾರು ದಿನಕ್ಕೊಮ್ಮೆ ತುಂಬಿಸುತ್ತಿದ್ದರಂತೆ. ಮಾರ್ಚ್ ಕೊನೆಗೆ ಫೋನ್ ಬಂತು.

"ನಿನ್ನ ಮಡಕೆ ತೂತಾಗಿದೆ ಕಣೋ. ಎರಡೇ ದಿನಕ್ಕೆ ಖಾಲಿ ಆಗ್ತಿದೆ."

"ತೂತಾಗಿಲ್ಲ ಅತ್ತಿಗೆ, ಬಿಸಿಲು ಏರಿದೆ. ತುಂಬಿಸ್ತಾ ಇರಿ" ಅಂದೆ.